ಮಾಫ್ ಮಾಡು, ಮಾಲ್ಪುರಿ ಮುಗಿದಿದೆ

ಕದ್ದು ತಿಂದವರು ಬಾಯಿ ಒರೆಸಿಕೊಂಡು ಸುಮ್ಮನಿರಬೇಕು. ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಸುಮ್ಮನಿರಲಿಲ್ಲ. ನ್ಯೂ ಜರ್ಸಿಯ ಈ ವೈದ್ಯಕವಿ ಐಸ್ ಪೆಟ್ಟಿಗೆಯ ಪ್ಲಮ್ ಹಣ್ಣು ತಿಂದದ್ದನ್ನು, ಮನೆಯವರಿಗೆ ಚೀಟಿ ಬರೆದಿಟ್ಟ ಹಾಗೆ, 1934ರಲ್ಲಿ ಪದ್ಯವಾಗಿಸಿದ. 12 ಸಾಲು, 28 ಪದ. ಬೆಳಗಿನ ತಿಂಡಿಗೆಂದು ಎತ್ತಿಟ್ಟಿದ್ದೆಯೇನೋ, ಕ್ಷಮಿಸು ಎನ್ನುತ್ತಾನೆ. ಆ ಉಸಿರಿನಲ್ಲೇ ಹಣ್ಣು ಎಷ್ಟು ಸಿಹಿಯಾಗಿತ್ತು, ಎಷ್ಟು ತಣ್ಣಗಿತ್ತು ಎಂದು ಚಪ್ಪರಿಸುತ್ತಾನೆ. ಕ್ಷಮೆ ಕೇಳಿದ್ದೋ, ಹೊಟ್ಟೆ ಉರಿಸಿದ್ದೋ!

ಇಂಥದ್ದನ್ನು ಕಂಡರೆ ಅಣಕಿಸುವವರ ಕೈ ತುರಿಸುತ್ತದೆ. ಕೆನೆತ್ ಕೋಕ್ ಎಂಬ ಕವಿಯ ಅಣಕದಲ್ಲಿ ಒಬ್ಬ, ಬರುವ ಬೇಸಿಗೆಗೆ ನೀನು ಇರಬೇಕೆಂದಿದ್ದ ಮನೆಯನ್ನೇ ಕಡಿದು ಹಾಕಿ ಕ್ಷಮೆ ಕೇಳುತ್ತಾನೆ. ಕೊನೆಗೆ ಕುಣಿಯುವಾಗ ಜೊತೆಗಾತಿಯ ಕಾಲನ್ನೂ ಮುರಿಯುತ್ತಾನೆ. ಏಕೆಂದರೆ ಅವನು ಡಾಕ್ಟರ್. ಅವಳು ಅವನ ವಾರ್ಡಿಗೆ ಬರಬೇಕಿತ್ತಂತೆ!

ಕಲಬುರಗಿಯಲ್ಲಿ ನನಗೂ ಸಂದರ್ಭ ತಾನಾಗಿ ಒದಗಿತು. ಮೇ ತಿಂಗಳ ರಾತ್ರಿ, ಸೆಖೆಗೆ ನಿದ್ದೆಯಿಲ್ಲ, ಫ್ರಿಜ್ಜಿನಲ್ಲಿ ಸ್ಟೀಲ್ ಡಬ್ಬಿ. ಬೆಳಗಿನ ಜಾವ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಬರೆದೆ:

ಮೇಲಿನ ಹಲಗೆಯ
ಡಬ್ಬಿಯಲ್ಲಿದ್ದ ಮಾಲ್ಪುರಿ
ಮುಗಿದಿದೆ.
ನಿನ್ನ ಅಣ್ಣ ಬರುತ್ತಾರೆಂದು
ಇಟ್ಟಿದ್ದಿರಬೇಕು.
ಮಾಫ್ ಮಾಡು.
ಎಂಥ ಖೋವಾ,
ಎಷ್ಟು ತಣ್ಣಗೆ!

‘ಕ್ಷಮಿಸು’ ಎಂದು ಬರೆದು ಹೊಡೆದು ಹಾಕಿದ್ದೆ. ನಮ್ಮೂರಿನಲ್ಲಿ ಕಾಲು ತುಳಿದರೂ ಮಾಫ್, ಬ್ಯಾಂಕಿನ ಸಾಲ ಹೋದರೂ ಮಾಫ್. ಮಾಲ್ಪುರಿಯ ಬಾಕಿ ಎರಡನೆಯದಕ್ಕೇ ಹತ್ತಿರ. ಅಣಕವಾಡು ಬರೆಯುವುದು ಇಷ್ಟು ಸುಲಭವೇ ಎಂದು ಬೀಗಿದೆ. ಅಚ್ಚು ಅವನದು, ಹಿಟ್ಟು ನನ್ನದು.

ಹೆಂಡತಿ ಓದಿದಳು. ನಗಲಿಲ್ಲ. ಅಡುಗೆಮನೆಗೆ ಹೋಗಿ ಸಣ್ಣ ಬಾಣಲೆ ಹಿಡಿದು ಬಂದಳು. ಅಂಚಿನಲ್ಲಿ ಪಾಕ ಅಂಟಿ ಕಂದು ಬಣ್ಣಕ್ಕೆ ತಿರುಗಿತ್ತು. ಹಿಡಿಯ ಮೇಲೆ ಇರುವೆಗಳು ಸಾಲಾಗಿ ಹೊರಟಿದ್ದವು.

“ತಣ್ಣಗೆ ತಿಂದಿರೇನು?”

ಪ್ಲಮ್ ತಿಂದವನಿಗೆ ಈ ತೊಂದರೆ ಇರಲಿಲ್ಲ. ಪೆಟ್ಟಿಗೆ ತೆರೆದ, ಬಾಯಿಗೆ ಹಾಕಿಕೊಂಡ. ಗಳಿಗೆಯ ಚಪಲ ಎನ್ನಬಹುದು. ನಾನಾದರೋ ಒಲೆ ಹಚ್ಚಿದ್ದೆ, ಉರಿ ಸಣ್ಣ ಮಾಡಿದ್ದೆ, ಪಾಕ ಕುದಿಯುವವರೆಗೆ ನಿಂತು ಕಾದಿದ್ದೆ. ಪ್ರಾಸಕ್ಕಾಗಿ ಹಾಗೆ ಬರೆದೆ ಎಂದೆ.

“ಪ್ರಾಸ ಎಲ್ಲಿದೆ ಇದರಲ್ಲಿ?” ಎಂದು ಬಿಲ್ಲನ್ನು ತಿರುಗಿಸಿದಳು. “ಇವತ್ತೇ ಕಡೆಯ ದಿನ. ಬರುವಾಗ ಅರ್ಧ ಕಿಲೋ ಮಾಲ್ಪುರಿಯನ್ನೂ ತನ್ನಿ.”