ರಾಖಿಗೆ ಹತ್ತು ದಿನ ಮೊದಲೇ ನಮ್ಮ ಅಣ್ಣ-ತಂಗಿ ಹಬ್ಬ

ಶ್ರಾವಣ ಬಂತೆಂದರೆ ಮೈಸೂರಿನ ಅಂಗಡಿಗಳ ಮುಂದೆ ರಾಖಿಯ ಗೊಂಚಲು ತೂಗುತ್ತವೆ. ಕಟ್ಟಬೇಡಿ ಅನ್ನುವುದಿಲ್ಲ. ಆದರೆ ಹುಣ್ಣಿಮೆಗೆ ಹತ್ತು ದಿನ ಮುಂಚೆ, ಶ್ರಾವಣ ಶುದ್ಧ ಪಂಚಮಿಗೇ, ಮೈಸೂರು-ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ಒಡಹುಟ್ಟಿದವರ ಹಬ್ಬ ನಡೆದುಹೋಗಿರುತ್ತದೆ. ನಾಗರಪಂಚಮಿ ಅಂದರೆ ಹುತ್ತಕ್ಕೆ ಹಾಲು ಹಾಕುವ ದಿನ ಅಂತಷ್ಟೇ ಮಕ್ಕಳಿಗೆ ಹೇಳಿಕೊಟ್ಟು, ಅಕ್ಕ-ತಂಗಿಯರು ಒಡಹುಟ್ಟಿದವನ ಬೆನ್ನಿಗೆ ಹಾಲು ಸವರುವ 'ಬೆನ್ನು ತೊಳೆಯುವ' ಶಾಸ್ತ್ರವನ್ನು ಕೈಬಿಡುತ್ತಿದ್ದೇವೆ. ನನಗೆ ಸಂಕಟವಾಗುವುದು ಇದಕ್ಕೆ.

ಮೂಲದ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಸವತಿಯೊಡನೆ ಕಟ್ಟಿದ ಪಂಥ ಗೆಲ್ಲಲು, ಉಚ್ಚೈಃಶ್ರವಸ್ಸೆಂಬ ಬಿಳಿ ಕುದುರೆಯ ಬಾಲ ಕಪ್ಪೆಂದು ತೋರಿಸಲು ಕದ್ರು ತನ್ನ ಹಾವುಮಕ್ಕಳನ್ನು ಕರೆದಳು. ಒಪ್ಪದವರಿಗೆ 'ಜನಮೇಜಯನ ಸರ್ಪಯಾಗದಲ್ಲಿ ಸುಟ್ಟುಹೋಗಿ' ಎಂದು ಶಾಪ ಹಾಕಿದಳು. ಹೆತ್ತವಳೇ ಕೊಟ್ಟ ಶಾಪ! ಅದರಿಂದ ಕುಲ ಉಳಿಸಿದವಳು ನಾಗರಾಜ ವಾಸುಕಿಯ ತಂಗಿ ಜರತ್ಕಾರು. ತನ್ನದೇ ಹೆಸರಿನವಳನ್ನು, ಅದೂ ಭಿಕ್ಷೆಯಾಗಿ ಕೊಟ್ಟರೆ ಮಾತ್ರ ಮದುವೆಯಾಗುತ್ತೇನೆ ಎಂದಿದ್ದ ಋಷಿಗೆ ವಾಸುಕಿ ಅವಳನ್ನು ಕೊಟ್ಟ. ಗಂಡ ಬಿಟ್ಟುಹೋದ, ಅವಳು ಅಣ್ಣನ ಆಸರೆಯಲ್ಲೇ ಮಗ ಆಸ್ತೀಕನನ್ನು ಬೆಳೆಸಿ, ಯಾಗ ನಿಲ್ಲಿಸಲು ಕಳಿಸಿದಳು. ಯಾಗ ನಿಂತ ದಿನವೇ ಈ ಪಂಚಮಿ ಎಂಬುದು ನಂಬಿಕೆ. ಇನ್ನೊಂದು ಕಥೆಯಲ್ಲಿ, ನೇಗಿಲಿಗೆ ಮರಿಗಳು ಸಿಕ್ಕಿ ಸತ್ತ ಸಿಟ್ಟಿಗೆ ತಾಯಿಹಾವು ರೈತನ ಮನೆಯವರನ್ನೆಲ್ಲ ಕಚ್ಚಿದಾಗ, ಹಾಲೆರೆದು ಅವರ ಜೀವ ಬೇಡಿ ಪಡೆದವಳೂ ಆ ಮನೆಯ ಮಗಳೇ. ಎರಡು ಕಥೆಯಲ್ಲೂ ಕಾಯುವವಳು ಹೆಣ್ಣುಮಗಳು. ಆ ದಿನ ನೆಲ ಅಗೆಯಬಾರದು, ಉಳಬಾರದು ಎನ್ನುವುದೂ ಇಲ್ಲಿಂದಲೇ.

ರಾಖಿಯ ಪುರಾಣದಲ್ಲಿ ಇಂದ್ರನಿಗೆ ರಕ್ಷೆ ಕಟ್ಟಿದವಳು ಶಚಿ, ಅಂದರೆ ಹೆಂಡತಿ. ಕಟ್ಟುವಾಗಿನ ಮಂತ್ರ ನೆನೆಯುವುದು ಬಲಿರಾಜನನ್ನು ಕಟ್ಟಿದ ರಕ್ಷೆಯನ್ನು. ತಂಗಿ ಆಮೇಲೆ ಬಂದು ಸೇರಿದವಳು. ನಮ್ಮಲ್ಲಿ ಆ ಹುಣ್ಣಿಮೆ ಜನಿವಾರ ಬದಲಿಸುವ ದಿನವಾಗಿತ್ತು.

ಇನ್ನು ಮಾಡುವ ಕ್ರಮ. ಚೌತಿಯ ದಿನ ಉಪವಾಸ ಇರುವ ಮನೆಗಳಿವೆ. ಪಂಚಮಿಯಂದು ಅರಳಿಕಟ್ಟೆಯ ನಾಗರಕಲ್ಲಿಗೆ ತನಿ ಎರೆಯಿರಿ. ಕಾಲು ಲೋಟ ಕಾಯಿಸದ ಹಸುವಿನ ಹಾಲು ಸಾಕು. ದಯವಿಟ್ಟು ಹುತ್ತದ ಕೋವೆಗೆ ಸುರಿಯಬೇಡಿ. ಹಾಲು ಹಾವಿನ ಆಹಾರವಲ್ಲ, ಅದಕ್ಕೆ ಅರಗುವುದೂ ಇಲ್ಲ. ಒಳಗೆ ಇಳಿದ ಹಾಲು ಹುಳಿತು ನಾರುತ್ತದೆ, ಅರಿಶಿನ-ಕುಂಕುಮ ಸೇರಿದರೆ ಒಳಗಿರುವ ಜೀವಕ್ಕೆ ಇನ್ನೂ ಕಷ್ಟ. ಬುಟ್ಟಿಯಲ್ಲಿ ಹಾವು ತಂದವರಿಗೆ ಕಾಸು ಕೊಡಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಾಗರಹಾವು ಹಿಡಿದಿಡುವುದೇ ಅಪರಾಧ.

ಎರೆಯುವಾಗ ತಳದಲ್ಲಿ ನಾಲ್ಕು ಚಮಚ ಹಾಲು ಉಳಿಸಿಕೊಳ್ಳಿ. ಎಲ್ಲವನ್ನೂ ಕಲ್ಲಿಗೇ ಸುರಿದು, ಮನೆಗೆ ಬಂದ ಮೇಲೆ ನೆನಪಾಗಿ ಪೇಚಾಡುವವರೇ ಹೆಚ್ಚು. ಅಣ್ಣ ಅಥವಾ ತಮ್ಮನನ್ನು ಮಣೆಯ ಮೇಲೆ ಪೂರ್ವಕ್ಕೆ ಕೂರಿಸಿ, ಹೂವನ್ನು ಆ ಹಾಲಲ್ಲಿ ಅದ್ದಿ, ಕತ್ತಿನ ಬುಡದಿಂದ ಕೆಳಕ್ಕೆ ಮೂರು ಸಲ ಬೆನ್ನಿಗೆ ಸವರಬೇಕು. ತಣ್ಣನೆ ಹಾಲು ತಾಗಿದ ತಕ್ಷಣ ಎಷ್ಟು ದೊಡ್ಡ ಗಂಡಸಾದರೂ ಭುಜ ಕುಗ್ಗಿಸುತ್ತಾನೆ. 'ಬೆನ್ನು ತಣ್ಣಗಿರಲಿ' ಅನ್ನುವುದು ಆಗಲೇ. ಕೆಲವರು ಹಾಲಿನ ಬದಲು ತುಪ್ಪ ಹಚ್ಚುತ್ತಾರೆ. ನಮ್ಮ ಮಾತಲ್ಲಿ ಕಿರಿಯರು 'ಬೆನ್ನಿಗೆ ಬಿದ್ದವರು' ತಾನೆ? ಬೆನ್ನೇ ಏಕೆ ಎಂದು ಕೇಳುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ.

ಆ ದಿನ ಕಾವಲಿ ಇಡುವುದಿಲ್ಲ, ಎಣ್ಣೆ ಕಾಯಿಸುವುದಿಲ್ಲ. ಕಡುಬು ಹಬೆಯಲ್ಲೇ ಬೇಯುತ್ತದೆ. ಹಾಗಾಗಿ ಚಿಗಳಿಗೆ, ಅಂದರೆ ಎಳ್ಳು-ಬೆಲ್ಲದ ಉಂಡೆಗೆ, ಬೇಕಾದ ಎಳ್ಳನ್ನು ಹಿಂದಿನ ದಿನವೇ ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದಿಡಿ. ಕಪ್ಪಾದರೆ ಕಹಿ. ಒಂದು ಲೋಟ ಎಳ್ಳಿಗೆ ಮುಕ್ಕಾಲು ಲೋಟ ಬೆಲ್ಲದ ಪುಡಿ, ನಾಲ್ಕು ಏಲಕ್ಕಿ. ಎಳ್ಳು ಪೂರ್ತಿ ಆರಿರಬೇಕು, ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಇಲ್ಲವಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಲ್ಲ ಮಂಡ್ಯದ ಅಚ್ಚು ಬೆಲ್ಲವಾಗಲಿ, ಕಂದು ಬಣ್ಣದ್ದು. ಹಳದಿ ಹೊಳಪಿನದಕ್ಕೆ ಎಷ್ಟೋ ಸಲ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಬಿದ್ದಿರುತ್ತದೆ. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವುದರಿಂದ ಡಬ್ಬಿ ಬಿಗಿಯಾಗಿ ಮುಚ್ಚಿಡಿ.

ಹಸಿ ತಂಬಿಟ್ಟಿಗೆ ಒಲೆಯೇ ಬೇಡ. ಒಂದು ಪಾವು ಅಕ್ಕಿಯನ್ನು ಎರಡು ಗಂಟೆ ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಅರ್ಧ ಗಂಟೆ ಹರವಿ. ಮುಷ್ಟಿಯಲ್ಲಿ ಹಿಡಿದರೆ ತಣ್ಣಗೆ ಅನ್ನಿಸಬೇಕು, ಅಂಗೈಗೆ ನೀರು ಅಂಟಬಾರದು. ಪುಡಿ ಮಾಡಿ ಜರಡಿ ಹಿಡಿದು, ಮುಕ್ಕಾಲು ಪಾವು ಬೆಲ್ಲ, ಎರಡು ಚಮಚ ತುಪ್ಪ, ಕೊಬ್ಬರಿ ತುರಿ, ಏಲಕ್ಕಿ ಸೇರಿಸಿ ಉಂಡೆ ಕಟ್ಟಿ. ಅಕ್ಕಿ ಹೆಚ್ಚು ಒಣಗಿದ್ದರೆ ಉಂಡೆ ಒಡೆಯುತ್ತದೆ, ಆಗ ಒಂದು ಚಮಚ ಹಾಲು ಚಿಮುಕಿಸಿ. ಬೇಯದ ಹಿಟ್ಟಾದ್ದರಿಂದ ಅವತ್ತೇ ತಿಂದು ಮುಗಿಸಬೇಕು. ಅಣ್ಣನ ಡಬ್ಬಿಗೆ ಹಾಕಿ ಬೆಂಗಳೂರಿಗೆ ಕಳಿಸುವುದಾದರೆ ಚಿಗಳಿ ಕಳಿಸಿ, ತಂಬಿಟ್ಟು ಬೇಡ.