ಅವ್ವನ ಹೆಂಡಿ ಬುಟ್ಟಿ, ಕ್ಯಾನ್‌ಬೆರಾದ ಸಗಣಿ ಹುಳ

ಹಾವೇರಿ ಕಡೆಯ ನಮ್ಮೂರಲ್ಲಿ ದನ ಹೆಂಡಿ (ಸಗಣಿ) ಹಾಕಿದರೆ ಅದು ನೆಲದ ಮೇಲೆ ಆರುವ ತನಕವೂ ಉಳಿಯುತ್ತಿರಲಿಲ್ಲ. ಅವ್ವ ಬುಟ್ಟಿ ಹಿಡಿದು ಬಂದೇಬಿಡುತ್ತಿದ್ದಳು. ಸ್ವಲ್ಪ ಅಂಗಳ ಸಾರಿಸಲು, ದೊಡ್ಡ ಪಾಲು ಕುಳ್ಳು ತಟ್ಟಲು, ಉಳಿದದ್ದು ತಿಪ್ಪೆಗೆ. ದೀಪಾವಳಿ ಪಾಡ್ಯಕ್ಕೆ ಅದೇ ಹೆಂಡಿಯಲ್ಲಿ ಪಾಂಡವರನ್ನು ಮಾಡಿ, ಹೂ ಸಿಕ್ಕಿಸಿ ಕೂಡಿಸುತ್ತಿದ್ದಳು. ಅಂಥ ಮನೆಯಿಂದ ಬಂದ ನನಗೆ ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ಹೊರಗಿನ ಬಯಲುಗಳಲ್ಲಿ ಸಗಣಿ ಬಿದ್ದಲ್ಲೇ ಬಿದ್ದಿರುವುದನ್ನು ಕಂಡು ಮೊದಮೊದಲು ಕರುಳು ಚುರುಕ್ ಎನ್ನುತ್ತಿತ್ತು. ಇಷ್ಟು ಗೊಬ್ಬರ, ಎತ್ತುವವರೇ ಇಲ್ಲವಲ್ಲ!

ಹತ್ತು ವರ್ಷ ಇಲ್ಲಿದ್ದ ಮೇಲೆ ಈಗ ಬೇರೆಯೇ ಅನಿಸುತ್ತದೆ. ಸಗಣಿಯ ಮೇಲೆ ಮೊದಲ ಹಕ್ಕು ಅದು ಬಿದ್ದ ನೆಲದ್ದು. ಈ ಮಾತನ್ನು ಆಸ್ಟ್ರೇಲಿಯಾದವರು ಕಷ್ಟಪಟ್ಟು ಕಲಿತರು. ನಾವು ಇನ್ನೂ ಪೂರ್ತಿ ಕಲಿತಿಲ್ಲ.

ನಮ್ಮ ಭಾಷೆಯಲ್ಲಿ ದನದ್ದು ಸಗಣಿ, ಕುದುರೆ ಆನೆಗಳದ್ದು ಲದ್ದಿ, ಕುರಿ ಆಡುಗಳದ್ದು ಹಿಕ್ಕೆ. ಈ ಭೇದ ಅವನ್ನೇ ತಿಂದು ಬದುಕುವ ದುಂಬಿಯಂಥ ಹುಳಗಳಿಗೂ ಗೊತ್ತು. ಆಸ್ಟ್ರೇಲಿಯಾದ್ದೇ ಆದ ಸಗಣಿ ಹುಳಗಳ ಜಾತಿಗಳು ಸುಮಾರು 500 ಇವೆ. ಲಕ್ಷಾಂತರ ವರ್ಷಗಳಿಂದ ಅವಕ್ಕೆ ಗೊತ್ತಿದ್ದದ್ದು ಕಾಂಗರೂವಿನ ಒಣ ಹಿಕ್ಕೆ, ವೊಂಬ್ಯಾಟ್ ಎಂಬ ಇಲ್ಲಿನ ಪ್ರಾಣಿಯ ಚೌಕ ಹಿಕ್ಕೆ. (ಹೌದು, ಬೆಲ್ಲದ ಅಚ್ಚಿನಂತೆ ಚೌಕವಾಗಿಯೇ ಇರುತ್ತದೆ, ನಾನೇ ಕಂಡಿದ್ದೇನೆ.) 1788ರಲ್ಲಿ ಬ್ರಿಟಿಷರ ಹಡಗುಗಳಲ್ಲಿ ಕೆಲವೇ ದನಗಳು ಬಂದಿಳಿದವು. ಅವು ಕೋಟಿಗಟ್ಟಲೆ ಆದಾಗ, ಆ ಒದ್ದೆ ಸಗಣಿಯನ್ನು ಇಲ್ಲಿನ ಬಹುಪಾಲು ಹುಳಗಳು ಮುಟ್ಟಲಿಲ್ಲ. ಒಂದು ದನ ದಿನಕ್ಕೆ 10-12 ಸಲ ಸಗಣಿ ಹಾಕುತ್ತದೆ. ಅದು ತಿಂಗಳುಗಟ್ಟಲೆ ಗಟ್ಟಿ ರೊಟ್ಟಿಯಂತೆ ಕೂತರೆ ಕೆಳಗಿನ ಹುಲ್ಲು ಸಾಯುತ್ತದೆ, ಸುತ್ತಲಿನ ಹುಲ್ಲನ್ನು ದನ ಮೂಸುವುದಿಲ್ಲ, ನೊಣಕ್ಕೆ ಮಾತ್ರ ಹಬ್ಬ. ಮುಖದ ಮುಂದೆ ಕೈ ಬೀಸಿ ನೊಣ ಓಡಿಸುವುದಕ್ಕೆ ಇಲ್ಲಿನವರು ಇಟ್ಟ ಹೆಸರು 'ಆಸಿ ಸಲ್ಯೂಟ್', ಅಂದರೆ ಆಸ್ಟ್ರೇಲಿಯಾದವರ ಸಲಾಮು.

ಹಂಗೆರಿಯಿಂದ ವಲಸೆ ಬಂದಿದ್ದ ಜಾರ್ಜ್ ಬೋರ್ನೆಮಿಸಾ ಎಂಬ ಕೀಟತಜ್ಞ ಈ ಬಯಲುಗಳನ್ನು ನೋಡಿ, ತನ್ನ ದೇಶದಲ್ಲಿ ಹೀಗಿಲ್ಲವಲ್ಲ ಎಂದು ಯೋಚಿಸಿದರು. ಅವರ ಮುಂದಾಳತ್ವದಲ್ಲಿ ಸಿಎಸ್‌ಐಆರ್‌ಒ ಎಂಬ ಸರ್ಕಾರಿ ವಿಜ್ಞಾನ ಸಂಸ್ಥೆ 1965ರಿಂದ 1985ರವರೆಗೆ ಆಫ್ರಿಕಾ, ಯುರೋಪ್‌ಗಳಿಂದ ಸಗಣಿ ಹುಳ ತರಿಸಿತು. ರೋಗ ಬರಬಾರದೆಂದು ಮೊಟ್ಟೆಗಳನ್ನು ತೊಳೆದು ಶುದ್ಧಮಾಡಿ, ಇದೇ ಕ್ಯಾನ್‌ಬೆರಾದಲ್ಲಿ ಕೈಯಿಂದ ಕಟ್ಟಿದ ಸಗಣಿ ಉಂಡೆಗಳೊಳಗೆ ಇಟ್ಟು ಮರಿ ಮಾಡಿಸಿದರು. ಇದನ್ನು ಮೊದಲ ಸಲ ಓದಿದಾಗ ನನಗೆ ಅವ್ವನ ಕೈ ನೆನಪಾಯಿತು. ಬಿಟ್ಟ 43 ಜಾತಿಗಳಲ್ಲಿ 23 ನೆಲೆನಿಂತವು.

ಹುಳ ಮಾಡುವ ಕೆಲಸವನ್ನು ಒಮ್ಮೆ ಕೂತು ನೋಡಬೇಕು. ಬೇಸಿಗೆಯ ಸಂಜೆ ಹಸಿ ಸಗಣಿಯ ಪಕ್ಕ ಕೂತರೆ, ನೋಡುತ್ತಿದ್ದಂತೆಯೇ ಅದು ಅಲುಗಾಡತೊಡಗುತ್ತದೆ. ಕೆಳಗೆ ಬಿಲ ತೋಡಿ, ಸಗಣಿಯನ್ನು ಒಳಗೆಳೆದು, ಉಂಡೆಗೊಂದು ಮೊಟ್ಟೆ ಇಡುತ್ತವೆ. ಗಾಳಿಗೆ ಹಾರಿಹೋಗಬೇಕಿದ್ದ ಸಾರಜನಕ ಬೇರಿಗೆ ಸಿಗುತ್ತದೆ. ಬಿಲದಲ್ಲಿ ಮಳೆನೀರು ಇಂಗುತ್ತದೆ. ಹುಳಗಳು ಚೆನ್ನಾಗಿರುವ ಕಡೆ ಮರುದಿನ ಉಳಿಯುವುದು ನಾರಿನಂಥ ಪುಡಿ ಮಾತ್ರ. ಉತ್ತು, ಗೊಬ್ಬರ ಹಾಕಿ, ನೀರು ಇಂಗಿಸಿ, ಒಂದು ಪೈಸೆ ಕೂಲಿ ಕೇಳದ ಆಳು ಅದು.

ನಮ್ಮಲ್ಲೋ, 'ಸಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಮೇಲು' ಎಂಬ ಗಾದೆ. ಪೂಜೆಗೆ ಸಗಣಿ ಬೇಕು, ಅದನ್ನು ಹೊರುವವರಿಗೆ ಮರ್ಯಾದೆ ಇಲ್ಲ. ಈ ಗಾದೆ ನನಗೆ ಎಂದೂ ಹಿಡಿಸಿಲ್ಲ. ಅವ್ವ ಹೊತ್ತ ಬುಟ್ಟಿಗಳ ಲೆಕ್ಕ ಇಟ್ಟವರಿಲ್ಲ. ಹಾಗೆ ಹೊತ್ತದ್ದರಲ್ಲಿ ದೊಡ್ಡ ಪಾಲು ಒಲೆಯಲ್ಲಿ ಉರಿದುಹೋಯಿತು, ಅದರ ಸಾರಜನಕವೆಲ್ಲ ಹೊಗೆಯಾಯಿತು. ಆಗ ಅವಳಿಗೆ ಬೇರೆ ಉರುವಲಿರಲಿಲ್ಲ, ಸರಿ. ಈಗ ಮನೆಗೆ ಗ್ಯಾಸ್ ಬಂದಿದೆ. ಆದರೂ ತಿಪ್ಪೆಯ ಸತ್ವ ಮಳೆಗೆ ಕೊಚ್ಚಿ ಚರಂಡಿ ಸೇರುತ್ತದೆ, ಹೊಲಕ್ಕೆ ಯೂರಿಯಾ ಚೀಲ ಬರುತ್ತದೆ.

ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ದನಕ್ಕೆ ತಿಪ್ಪೆಯೇ ಗತಿ, ಒಪ್ಪುತ್ತೇನೆ. ಅದಕ್ಕೆ ಸೊಪ್ಪು ಬೆರೆಸಿ, ನೆರಳು ಮಾಡಿ ಕಾಪಾಡಿದರೆ ಸಾಕು. ಗೋಮಾಳದಲ್ಲಿ, ಕೊಯ್ಲಾದ ಹೊಲದಲ್ಲಿ ಬಿದ್ದದ್ದನ್ನು ಮಾತ್ರ ಬಿಡಿ, ಹುಳಕ್ಕೆ ಬಿಡಿ. ಜಂತುಹುಳಕ್ಕೆಂದು ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಸಗಣಿಯಲ್ಲಿ ಹೊರಬಂದು ಸಗಣಿ ಹುಳದ ಮರಿಗಳನ್ನು ಕೊಲ್ಲುತ್ತದೆ. ಪಶುವೈದ್ಯರನ್ನು ಕೇಳಿ, ಬೇಕಾದಾಗ ಮಾತ್ರ ಕೊಡಿಸಿ.

ನಮ್ಮ ಹಿರಿಯರಿಗೆ ಇದು ತಿಳಿಯದ್ದಲ್ಲ. ಸುಗ್ಗಿಯಾದ ಮೇಲೆ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಿದ್ದರು, ಹಿಕ್ಕೆ ಉಚ್ಚೆ ಎರಡೂ ನೇರ ಮಣ್ಣಿಗೆ. ಕುರುಬರಿಗೆ ಕಾಳು ಅಳೆದು ಕೊಡುತ್ತಿದ್ದರು. ಮೊನ್ನೆ ಅವ್ವನಿಗೆ ಫೋನ್ ಮಾಡಿ ಈ ಸಲ ಕುರಿ ನಿಲ್ಲಿಸಿದ್ರಾ ಎಂದು ಕೇಳಿದೆ. ನಾಕು ವರ್ಷದಿಂದ ಬಿಟ್ಟಿದ್ದರಂತೆ. "ತಮ್ಮಗ ಹೇಳ್ತೀನಿ ತಗೋ" ಎಂದಳು. ಆಮೇಲೆ ಹುಳದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಆ ಉಂಡಿ ಹುಳ ಏನು? ನಾ ಹೆಂಡಿ ಎತ್ತುವಾಗ ಕೈಗೆ ಸಿಕ್ರ ಪಕ್ಕಕ್ಕ ಬಿಡ್ತಿದ್ನೆಪ್ಪಾ."