ನೋವಿಲ್ಲದಿದ್ದರೆ ಬಾಯಿಯ ಕಲೆ ಅಪಾಯವಲ್ಲವೇ? ಸತ್ಯಾಂಶ

ಬಾಯೊಳಗಿನ ಕಲೆ ನೋಯದಿದ್ದರೆ ಚಿಂತೆ ಬೇಡ ಎನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗಿ ಬರುತ್ತಲೇ ಇರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಮಾತು ತಪ್ಪು.

ಚುರುಚುರು ಉರಿಯುವ ಸಣ್ಣ ಹುಣ್ಣು ಸಾಮಾನ್ಯವಾಗಿ 1-2 ವಾರದಲ್ಲಿ ತಾನಾಗಿಯೇ ಮಾಯುತ್ತದೆ. ಬಾಯಿ ಕ್ಯಾನ್ಸರ್ ಮಾತ್ರ ಶುರುವಿನಲ್ಲಿ ಎಷ್ಟೋ ಸಲ ನೋಯುವುದೇ ಇಲ್ಲ. ಹಾಗಾಗಿ ನೋವಿಗಿಂತ ದಿನಗಳನ್ನು ಲೆಕ್ಕ ಹಾಕಿ. 2 ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಂಟು ಇದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಕೆಂಪು ಮಚ್ಚೆ ಅಪರೂಪ, ಆದರೆ ಬಿಳಿಯದಕ್ಕಿಂತ ಅಪಾಯ ಜಾಸ್ತಿ. ನುಂಗಲು ಕಷ್ಟವಾದರೆ, ನಾಲಿಗೆ ಮರಗಟ್ಟಿದರೆ ಅಷ್ಟು ದಿನವೂ ಕಾಯಬೇಡಿ. ತಂಬಾಕು, ಮದ್ಯ ಮುಟ್ಟದವರಿಗೂ ಈ ಮಾತು ಅನ್ವಯಿಸುತ್ತದೆ.

ಇಂಥ ಹೆಚ್ಚಿನ ಕಲೆಗಳು ಕ್ಯಾನ್ಸರ್ ಅಲ್ಲ, ಅದೂ ನಿಜ. ಕೆನ್ನೆ ಕಚ್ಚಿಕೊಂಡಿರಬಹುದು, ಚೂಪು ಹಲ್ಲು ತಾಗುತ್ತಿರಬಹುದು. ಆದರೆ ಸುಮ್ನೆ ಫೋಟೋ ನೋಡಿ ಖಚಿತವಾಗಿ ಹೇಳಲಾಗದು. ಅನುಮಾನ ಬಂದರೆ ಡಾಕ್ಟರು ಆ ಜಾಗದಿಂದ ಒಂದು ಚೂರು ತೆಗೆದು ಲ್ಯಾಬಿನ ಪರೀಕ್ಷೆಗೆ (ಬಯಾಪ್ಸಿ) ಕಳಿಸುತ್ತಾರೆ.

ಇಂಥ ಸಂದೇಶ ಬಂದಾಗ ಬರೆದವರ ಹೆಸರು, ದಿನಾಂಕ ಇದೆಯಾ ನೋಡಿ. ಬಹಳ ಸಲ ಎರಡೂ ಇರುವುದಿಲ್ಲ, ಅಲ್ವಾ? ಅದೇ ಮಾತು ಸರ್ಕಾರಿ ಆರೋಗ್ಯ ವೆಬ್‌ಸೈಟಿನಲ್ಲೋ ದೊಡ್ಡ ಆಸ್ಪತ್ರೆಯ ಮಾಹಿತಿ ಪುಟದಲ್ಲೋ ಸಿಗುತ್ತದೆಯೇ ಹುಡುಕಿ. ‘ನೋವಿಲ್ಲದಿದ್ದರೆ ಏನೂ ಇಲ್ಲ’ ಎಂದು ಅಲ್ಲೆಲ್ಲೂ ಬರೆದಿರುವುದಿಲ್ಲ. ಹಲ್ಲಿನ ತಪಾಸಣೆಗೆ ಹೋದಾಗ ನೇರವಾಗಿ ಕೇಳಿಬಿಡುವುದು ಇನ್ನೂ ಸುಲಭ. ನಾಲಿಗೆಯ ಅಂಚು, ಅಡಿಭಾಗ ಎಲ್ಲವನ್ನೂ ನೋಡಿ ಹೇಳುತ್ತಾರೆ.